ಮಾತ್ರೆ ಕೊಟ್ಟು ಬಿಸಿಲಿಗೆ ನಿಲ್ಲಿಸಿದವರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಚರ್ಮರೋಗ ಶಿಬಿರದಲ್ಲಿ ಕೊಟ್ಟ ಮಾತ್ರೆ ನುಂಗಿ ನನ್ನ ತಂಗಿ ಮೈ ಸುಟ್ಟುಕೊಂಡಳು. ತಪ್ಪು ಅವಳದೇ ಎಂದು ನೀವು ಹೇಳಿದಿರಿ. ಮೊದಲನೆಯದು ನನಗೆ ಸಿಟ್ಟು ತರಿಸಿತ್ತು, ಎರಡನೆಯದು ಹೇಸಿಗೆ ಹುಟ್ಟಿಸಿದೆ. ಅದಕ್ಕೇ ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸದೆ, ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ತಂಗಿಯ ಹೆಸರು ನೀಲಾಂಬಿಕಾ. ಮಾಸೂರಿನ ಸೊಸೆ. ಅವಳೂ ಅವಳ ಗಂಡ ಮೈಲಾರಿಯೂ ಹೊಲದ ಕೂಲಿಗೆ ಹೋಗುವವರು. ಕೆಲ ವರ್ಷಗಳ ಹಿಂದೆ ಅವಳ ಕೈ, ಕುತ್ತಿಗೆ, ತುಟಿಯಂಚಿನಲ್ಲಿ ಬಿಳಿ ಮಚ್ಚೆಗಳು ಕಾಣಿಸಿಕೊಂಡವು. ತೊನ್ನು ಅಂಟುವ ರೋಗವಲ್ಲ ಎಂದು ನಾನು ಎಷ್ಟು ಹೇಳಿದರೂ, ಓಣಿಯಲ್ಲಿ ಅವಳು ಕೊಟ್ಟ ನೀರು ಕುಡಿಯುವವರು ಕಡಿಮೆಯಾದರು. ಅಷ್ಟರಲ್ಲಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಗೆಲ್ಲ ಸೇರಿ ಉಚಿತ ಶಿಬಿರವೆಂದು ನಿಮ್ಮ ಪ್ರಕಟಣೆ ಬಂತು. ಅವಳು ಆಸೆಯಿಂದ ಹೋದಳು.

ಚಿಕಿತ್ಸೆಯೇನೋ ಒಳ್ಳೆಯದೇ. ಮಾತ್ರೆ ಚರ್ಮವನ್ನು ಬೆಳಕಿಗೆ ಅಣಿಮಾಡುತ್ತದೆ. ಆಮೇಲೆ ಯಂತ್ರದೊಳಗೆ ನಿಲ್ಲಿಸಿ ಅಳೆದಷ್ಟೇ ಬೆಳಕು ಕೊಡುತ್ತಾರೆ. ಅದಾದ ಮೇಲೆ ಮೈ ಮುಚ್ಚಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಬಿಸಿಲು ತಪ್ಪಿಸಬೇಕು. ಇದನ್ನು ನಮಗೆ ಬಿಡಿಸಿ ಹೇಳಿದವರು ಹುಬ್ಬಳ್ಳಿಯ ಒಬ್ಬ ವೈದ್ಯೆ, ಎಲ್ಲ ಮುಗಿದ ಮೇಲೆ. ನಿಮ್ಮ ಶಿಬಿರದಲ್ಲಿ ಯಂತ್ರವಿತ್ತು, ಯಂತ್ರಕ್ಕೆ ಹೂವಿನ ಹಾರವೂ ಇತ್ತು. ಕರೆಂಟು ಮಾತ್ರ ಇರಲಿಲ್ಲ.

"ಮಿಷನ್ನಾಗ ನಿಂದ್ರೂದು ಯಾವಾಗ್ರಿ?" ಎಂದು ನೀಲಾಂಬಿಕಾ ಕೇಳಿದಳಂತೆ.

ಮಾತ್ರೆ ಹಂಚುತ್ತಿದ್ದ ನಿಮ್ಮ ಸಿಬ್ಬಂದಿ ತಲೆ ಎತ್ತದೆ ಹೇಳಿದ್ದು: "ಅದಿನ್ನೂ ಚಾಲೂ ಆಗಿಲ್ಲವ್ವಾ. ಗುಳಿಗಿ ನುಂಗಿ ಬಿಸಲಾಗ ನಿಂದ್ರು. ಅದೂ ಬೆಳಕ ಹೌದಲ್ಲ?"

ಎಷ್ಟು ಹೊತ್ತು ಎಂದು ಯಾರೂ ಹೇಳಲಿಲ್ಲ. ಕೂಲಿಯವಳಿಗೆ ಬಿಸಿಲಿನ ಬರವೇ? ಬೆಳಿಗ್ಗೆ ಮಾತ್ರೆ ನುಂಗಿ ಗೋವಿನಜೋಳದ ಹೊಲಕ್ಕೆ ಕಳೆ ತೆಗೆಯಲು ಹೋದಳು. ಹೆಚ್ಚು ಬಿಸಿಲು ಬಿದ್ದಷ್ಟು ಬೇಗ ಗುಣವಾದೀತೆಂದು ತಲೆಯ ಮೇಲಿನ ಸೆರಗನ್ನೂ ಸರಿಸಿಕೊಂಡಿದ್ದಳು. ಮರುದಿನ ಕುತ್ತಿಗೆ, ಕೈ ಕೆಂಪೇರಿದವು. ಆಮೇಲೆ ನೀರುಗುಳ್ಳೆ ಎದ್ದು ಒಡೆದವು. "ಲಗೂನ ಬರ್ರಿ, ಸೀರಿ ತಾಗಿದ್ರೂ ಚೀರಾಕತ್ತಾಳ" ಎಂದು ಮೈಲಾರಿ ಫೋನು ಮಾಡಿದ. ನಮ್ಮವ್ವ ಚೌಡವ್ವ ಇದು ದೇವರ ಮುನಿಸೆಂದು ಅತ್ತಳು. ನಿಮ್ಮ ಇಲಾಖೆ ಮಾಡಿದ್ದಕ್ಕೆ ದೇವರು ಬೈಸಿಕೊಂಡ.

ನಾನು ನಿಮ್ಮ ಕಚೇರಿಗೆ ಬಂದೆ. ನೀವು ಕುರ್ಚಿ ತೋರಿಸಿ, ಚಹಾ ತರಿಸಿ, ಬಹಳ ಸೌಜನ್ಯದಿಂದ ಹೇಳಿದಿರಿ: "ನಮ್ಮವರು ಎಲ್ಲಾ ತಿಳಿಸಿ ಹೇಳಿರ್ತಾರ್ರಿ ಮಾಸ್ತರ. ಹಳ್ಳಿ ಮಂದಿ ಕೇಳಂಗಿಲ್ಲ. ಚಂದ ಆಗೂ ಅವಸರದಾಗ ಹೆಚ್ಚಿಗಿ ನಿಂತಿರ್ತಾರ."

"ಅವರು ಹೇಳುವಾಗ ನೀವು ಅಲ್ಲಿದ್ರೇನ್ರಿ?" ಎಂದೆ.

"ಉದ್ಘಾಟನಾಕ್ಕ ಇದ್ನಿ" ಎಂದಿರಿ.

ನಾಲ್ಕು ಮಂದಿಯ ನಡುವೆ ಮುಖ ಎತ್ತಿ ಕೂರಬೇಕೆಂದು ಹಂಬಲಿಸಿದ ಹೆಂಗಸಿನ ಆಸೆಗೆ ಚಂದದ ಅವಸರವೆಂದು ಹೆಸರಿಟ್ಟಿರಲ್ಲ, ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲವೇ? ನಾನು ಚಹಾ ಮುಟ್ಟದೆ ಎದ್ದು ಬಂದೆ. ಹೊರಗೋಡೆಯ ಮೇಲೆ ಶಿಬಿರದ ದೊಡ್ಡ ಫ್ಲೆಕ್ಸ್ ತೂಗುತ್ತಿತ್ತು. ಫಲಾನುಭವಿಗಳ ಸಾಲಿನಲ್ಲಿ ಮಾತ್ರೆಯ ಪೊಟ್ಟಣ ಹಿಡಿದು ನಗುತ್ತಿದ್ದವಳು ನನ್ನ ತಂಗಿ.

ಗಾಯ ಈಗ ಮಾದಿದೆ. ಸುಟ್ಟ ಜಾಗ ಕಪ್ಪುಗಟ್ಟಿದೆ, ಮಚ್ಚೆಗಳು ಹಾಗೇ ಇವೆ. ಸರಿಯಾದ ಪ್ರಮಾಣದಲ್ಲಿ ಚಿಕಿತ್ಸೆಯನ್ನು ಮತ್ತೆ ಶುರುಮಾಡೋಣ ಎನ್ನುತ್ತಾರೆ ಹುಬ್ಬಳ್ಳಿಯ ವೈದ್ಯೆ. "ಬ್ಯಾಡ ಅಣ್ಣಾ, ಬೆಳಕಂದ್ರ ಎದಿ ಝಲ್ ಅಂತೈತಿ" ಎನ್ನುತ್ತಾಳೆ ನೀಲಾಂಬಿಕಾ. ಹೊತ್ತು ಇಳಿಯುವವರೆಗೆ ಹೊಸ್ತಿಲು ದಾಟುವುದಿಲ್ಲ. ಗುಣಪಡಿಸಬಲ್ಲ ಮದ್ದನ್ನೇ ಅವಳ ವೈರಿಯಾಗಿ ಮಾಡಿದ್ದೀರಿ. ಇದನ್ನೂ ಸಾಧನೆಗಳಲ್ಲಿ ಸೇರಿಸಿಕೊಳ್ಳುತ್ತೀರಾ?

ಆ ಫ್ಲೆಕ್ಸ್ ಇಳಿಸಿ. ಯಂತ್ರ ನಡೆಯುವವರೆಗೆ, ಅದನ್ನು ನಡೆಸಬಲ್ಲವರು ಬರುವವರೆಗೆ ಒಂದು ಮಾತ್ರೆಯನ್ನೂ ಹಂಚಬೇಡಿ. ಅಂದು ಮಾತ್ರೆ ಒಯ್ದ ಉಳಿದವರನ್ನು ಹುಡುಕಿ ಎಚ್ಚರಿಸಿ. ಮತ್ತು ಮಾಸೂರಿಗೆ ಬನ್ನಿ. ನೀಲಾಂಬಿಕಾಳ ಎದುರು ಕುಳಿತು, "ತಪ್ಪು ನಿಂದಲ್ಲವ್ವಾ, ನಮ್ದು" ಎಂದು ನಿಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ. ಅಣ್ಣನಾದವನು ಸಮಾಧಾನಕ್ಕೆ ಏನಾದರೂ ಹೇಳುತ್ತಾನೆ, ಸಾಹೇಬರು ಸುಳ್ಳು ಹೇಳುವುದಿಲ್ಲ ಎಂದು ಅವಳು ಇನ್ನೂ ತಿಳಿದಿದ್ದಾಳೆ.

ಇಂತಿ,
ಊರ ಮಕ್ಕಳಿಗೆ ವಿಜ್ಞಾನ ಕಲಿಸುವ, ಒಡಹುಟ್ಟಿದವಳಿಗೆ ಧೈರ್ಯ ತುಂಬಲಾಗದ
ಜಗದೀಶ ಮಾಸ್ತರ, ದುಂಡಸಿ