ಹರಿಹರದ ಸೈಟಿನ ಬಿರುಕು

ದಾವಣಗೆರೆ
ಮಾರ್ಚ್ 9, ಸೋಮವಾರ

ನನ್ನ ಮುದ್ದಿನ ತನುಶ್ರೀಗೆ, ಗಿಡ್ಡಪ್ಪ ಮಾವನ ಆಶೀರ್ವಾದಗಳು.

ಹಾಸ್ಟೆಲಿನಲ್ಲಿ ಆರೋಗ್ಯವಾಗಿದ್ದೀಯಾ? ಕೆಮ್ಮು ನಿಂತಿತೇ? ಪರೀಕ್ಷೆ ಬಂತೆಂದು ಊಟ ಬಿಟ್ಟು ಓದಬೇಡ. ಸಮಾಜ ವಿಜ್ಞಾನಕ್ಕಂತೂ ಹೆದರಲೇಬೇಡ. ಭೂಮಿಯ ಹೊಟ್ಟೆಯೊಳಗಿನ ಸಂಗತಿ ನಿನ್ನ ಮಾವನಷ್ಟು ತಿಳಿದವನು ತುಂಗಭದ್ರೆಯ ಎರಡೂ ದಂಡೆಗೆ ಇಲ್ಲ. ಭೂಕಂಪದ ಸಂಶಯ ಬಂದರೆ ಬೆಂಗಳೂರಿನ ದೊಡ್ಡ ವಿಜ್ಞಾನಿಗಳೇ ಮೊದಲು ನನಗೆ ಫೋನು ಮಾಡುತ್ತಾರೆ.

ಸಂಕ್ರಾಂತಿಗೆ ಬಂದಾಗ ನೀನು ಎಲಚಿಹಣ್ಣು ಹಿಡಿದು ಪಾಠ ಮಾಡಿದ್ದೆಯಲ್ಲ. ತೆಳು ಸಿಪ್ಪೆ ನಾವು ನಿಂತಿರುವ ಭೂಕವಚ, ತಿರುಳು ಮ್ಯಾಂಟಲ್, ನಡುವಿನ ಬೀಜ ಕೇಂದ್ರಗೋಳ. ನಾನು ಹಣ್ಣು ಬಾಯಿಗೆ ಹಾಕಿಕೊಂಡರೆ, "ಕೇಂದ್ರಗೋಳ ನುಂಗಬ್ಯಾಡ ಮಾವ, ಉಗುಳು" ಎಂದು ನಕ್ಕಿದ್ದೆ. ಆ ಸಿಪ್ಪೆ ಒಂದೇ ತುಂಡಲ್ಲ, ಕೆಳಗಿನ ಒಂದಿಷ್ಟು ಬಂಡೆಯನ್ನೂ ಸೇರಿಸಿಕೊಂಡು ದೊಡ್ಡ ದೊಡ್ಡ ಭೂಫಲಕಗಳಾಗಿ ಒಡೆದಿದೆ, ಉಗುರು ಬೆಳೆಯುವಷ್ಟು ನಿಧಾನವಾಗಿ ಸರಿಯುತ್ತದೆ, ನಮ್ಮ ಫಲಕ ಉತ್ತರಕ್ಕೆ ಹೋಗಿ ಗುದ್ದಿದ್ದಕ್ಕೇ ಹಿಮಾಲಯ ಎದ್ದಿತು ಎಂದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ತಡೆಯಲಾಗಲಿಲ್ಲ. ಮರುದಿನವೇ ಮಂಡಿಪೇಟೆಯ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕೂತು ಎಲ್ಲರಿಗೂ ಹೇಳಿದೆ. ಸ್ವಲ್ಪ ನನ್ನದೂ ಸೇರಿಸಿದೆ. ಎರಡು ಫಲಕ ಕೂಡುವ ಗೆರೆ ನಮ್ಮ ಹರಿಹರದ ಕೆಳಗೇ ಹಾದುಹೋಗಿದೆ ಎಂದುಬಿಟ್ಟೆ. ಕೇಳುವವರು ಬಾಯಿ ತೆರೆದು ಕೂತಿರುವಾಗ ಹಿಮಾಲಯದ ತನಕ ಯಾರು ಹೋಗುತ್ತಾರೆ ಹೇಳು.

ಅಲ್ಲಿ ವಾಮದೇವಪ್ಪನೂ ಇದ್ದ. ಕುಕ್ಕುವಾಡದ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಈಗ ಮಂಡಿಪೇಟೆಯಲ್ಲಿ ಬೇಳೆಯ ಸಗಟು ವ್ಯಾಪಾರಿ. ಅವತ್ತಿನಿಂದ ನನ್ನನ್ನು ಮೇಷ್ಟ್ರೇ ಎಂದು ಕರೆಯತೊಡಗಿದ. ಫೆಬ್ರವರಿಯಲ್ಲಿ ಒಂದು ದಿನ ಹರಿಹರದ ಸೈಟಿಗೆ ಕರೆದುಕೊಂಡು ಹೋದ. ನಿನ್ನ ಕಾಲೇಜು ಓದಿಗೆಂದು ನಾನು ಉಳಿಸಿಟ್ಟಿದ್ದೆನಲ್ಲ, ಅದೇ ಸೈಟು. ನೆಲದ ಉದ್ದಕ್ಕೂ ಕೈ ಇಳಿಯುವಷ್ಟು ಅಗಲದ ಬಿರುಕು. "ಮೇಷ್ಟ್ರೇ, ನೀವು ಹೇಳಿದ ಗೆರಿ ಇಲ್ಲೇ ಐತೆ ನೋಡ್ರಿ. ಮನಿ ಕಟ್ಟಿದ್ರೆ ಅಡಿಗಿಮನಿ ರಾಣೆಬೆನ್ನೂರಿಗೆ ಹೋಗ್ತೈತೆ. ಸುದ್ದಿ ಹಬ್ಬಿದ್ರೆ ಯಾರೂ ಮೂಸಲ್ಲ. ಗೆಳೆಯ ಅಂತ ನಾನೇ ತಗಂತೀನಿ" ಎಂದ. ಕಪ್ಪು ಎರೆ ನೆಲ ಬಿಸಿಲಿಗೆ ಒಣಗಿ ಬಾಯಿ ಬಿಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಮೇಷ್ಟ್ರು ಎನ್ನಿಸಿಕೊಂಡವನಿಗೆ ಅದು ಬರೀ ಎರೆಯ ಬಿರುಕು ಎನ್ನಲು ನಾಲಿಗೆ ಏಳಲಿಲ್ಲ. ಅವನು ಹೇಳಿದ ರೇಟಿಗೆ ಬರೆದುಕೊಟ್ಟೆ.

ಮೊನ್ನೆ ಆ ದಾರಿಯಲ್ಲಿ ಹೋದರೆ ಪಾಯ ತೋಡಿಸುತ್ತಿದ್ದ. ಗುಂಡಿಗೆ ಇಳಿದು ನೋಡಿದೆ. ಬಿರುಕು ನನ್ನ ಸೊಂಟದ ಮಟ್ಟಕ್ಕೆ ಮುಗಿದುಹೋಗಿತ್ತು. ಅದರ ಕೆಳಗೆ ಗರಸು ಮಣ್ಣು, ಅದರ ಕೆಳಗೆ ಹಾರೆ ಚಿಮ್ಮುವ ಬಂಡೆ. ನೀನು ಹೇಳಿದ ಪ್ರಕಾರ ಒಂದು ಫಲಕ ನೂರು ಕಿಲೋಮೀಟರಿನಷ್ಟು ದಪ್ಪ, ಅಂದರೆ ಇಲ್ಲಿಂದ ಹಾವೇರಿ ದಾಟುವಷ್ಟು. ಅದರ ಅಂಚು ನಮ್ಮ ಸೀಮೆಯಲ್ಲೆಲ್ಲೂ ಇಲ್ಲ. ಹಿಂಗೆ ಮಾಡಬಹುದೇನೋ ಎಂದು ವಾಮದೇವಪ್ಪನನ್ನು ಕೇಳಿದೆ. ಮೇಲೆ ನಿಂತವನು, "ಎಲ್ಲಾರ ಮುಂದೆ ಹೇಳಿದ್ದು ನೀನೇ ಅಲ್ಲೇನಲೇ? ನಾನೇನು ಹೊಸಾದು ಹೇಳೀನಿ?" ಎಂದ. ಬೇರೆ ಯಾರಾದರೂ ಆಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ. ನನ್ನ ಬುತ್ತಿಯ ರೊಟ್ಟಿ ಮುರಿದು ತಿಂದವನು, ತನು. ನಾನು ಬಡಾಯಿ ಬಿಡುತ್ತಿದ್ದೇನೆಂದು ಅವನಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ತಲೆಯಾಡಿಸುತ್ತಾ, ಮಿರ್ಚಿ ತರಿಸಿಕೊಡುತ್ತಾ, ಇನ್ನಷ್ಟು ಹೇಳ್ರಿ ಎನ್ನುತ್ತಾ ಕೂತಿದ್ದ. 

ನಿನ್ನವ್ವ ಚೆನ್ನಾಗಿದ್ದಾಳೆ. ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಹೋಗಿ ನಿನ್ನ ಹೆಸರಲ್ಲಿ ಕಾಯಿ ಒಡೆಸಿಕೊಂಡು ಬಂದೆ. ಅಜ್ಜಯ್ಯ ನಿನ್ನ ಬೆನ್ನಿಗಿರಲಿ, ಧೈರ್ಯವಾಗಿ ಬರೆ.

ನಿನ್ನ ಮಾವ,
ಗಿಡ್ಡಪ್ಪ

ವಿ.ಸೂ.: ಅಂಚೆಯವನು ಹೊರಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ಸೈಟಿನಲ್ಲಿ ಎಷ್ಟು ಲುಕ್ಸಾನಾಯಿತೆಂದು ನಿನ್ನವ್ವ ಕೇಳಿದಾಗ ನಲವತ್ತು ಸಾವಿರ ಎಂದೆ. ಪಕ್ಕದ ಅಷ್ಟೇ ಅಳತೆಯ ಸೈಟು ಹೋದ ವಾರ ಹದಿನೆಂಟು ಲಕ್ಷಕ್ಕೆ ಹೋಗಿದೆ. ನಾನು ಕೊಟ್ಟದ್ದು ಏಳಕ್ಕೆ. ಆ ಏಳು ನಿನ್ನ ಹೆಸರಲ್ಲಿ ಬ್ಯಾಂಕಿನಲ್ಲಿದೆ, ಮುಟ್ಟಿಲ್ಲ. ಹೋದದ್ದು ಹನ್ನೊಂದು ಲಕ್ಷ.