ಬ್ಲೌಸ್ ಕಟಿಂಗ್: ಮೊದಲನೇ ಆವೃತ್ತಿ

12 ಜನವರಿ 2009, ಸೋಮವಾರ

ಇವತ್ತೂ ಪುಸ್ತಕದ ಒಂದು ಪುಟ ಹಾಳು. ಸೇವ್ ಮಾಡಲು ಮರೆತೆ, ಕರೆಂಟ್ ಹೋಯಿತು. ಸೈಬರ್‌ನ ಪ್ರವೀಣಕುಮಾರ್ ನಕ್ಕರು. ನಗಲಿ. ಮತ್ತೆ ಮೊದಲಿಂದ ಟೈಪ್ ಮಾಡಿದೆ. ಈ ಸಲ ಸಾಲಿಗೊಂದು ಸೇವ್.

ಮೂವತ್ತೊಂದು ಪುಟ ಆಯಿತು. ಹೊಸಪೇಟೆ ಪ್ರೆಸ್ಸಿನವನ ಮಾತು ಇನ್ನೂ ಹೊಟ್ಟೆ ಉರಿಸುತ್ತಿದೆ. ‘ಬ್ಲೌಸ್ ಹೊಲಿಯಾಕ ಬುಕ್ ಯಾಕ್ರಿ? ಅದೂ ನೀವು ಬರ್ದದ್ದು?’ ಅಂತ. ಇಂಟರ್‌ನೆಟ್ಟಿಗೆ ನಾವೇ ಹಾಕಬಹುದಂತೆ, ಯಾರ ಕಾಲೂ ಹಿಡಿಯಬೇಕಿಲ್ಲ. ಹಾಕುತ್ತೇನೆ.

21 ಜನವರಿ, ಮಧ್ಯಾಹ್ನ 3.30

ಚಿತ್ರಗಳು ಸ್ಕ್ಯಾನ್ ಆದವು. ಕಲರ್‌ನಲ್ಲಿ ಮಾಡಿದ್ದಕ್ಕೆ ಫೈಲ್ ದಪ್ಪ ಆಗಿ ವೆಬ್‌ಸೈಟ್ ತಗೊಳ್ಳಲಿಲ್ಲ. ಎಲ್ಲ ಮತ್ತೆ ಬ್ಲಾಕ್ ಅಂಡ್ ವೈಟ್. ಕೊನೆಗೆ ಪಿಡಿಎಫ್ ಮಾಡಬೇಕು, ಇಲ್ಲದಿದ್ದರೆ ಬೇರೆಯವರ ಕಂಪ್ಯೂಟರ್‌ನಲ್ಲಿ ಅಕ್ಷರ ಚೆಲ್ಲಾಪಿಲ್ಲಿ. ಪಿಡಿಎಫ್ ಮಾಡುವುದನ್ನೂ ಕಲಿತೆ. ಗುಂಡಿಗೆ ಕಾಜಾ ಹಾಕುವುದಕ್ಕಿಂತ ಸುಲಭ.

3 ಫೆಬ್ರವರಿ

ಮೊನ್ನೆ ಮನೆಯವರ ಜೊತೆ ಜಗಳ. ಅಂಗಡಿಯಲ್ಲಿ ಜೆಂಟ್ಸ್ ಎಲ್ಲ ಇವರದು, ಬ್ಲೌಸ್ ಎಲ್ಲ ನನ್ನದು. ಹದಿನಾಲ್ಕು ವರ್ಷದಿಂದ ಹಾಗೇ.

‘ಜರೀನಾ, ನಮ್ಮ ಕಟಿಂಗ್ ಊರಿಗೆಲ್ಲಾ ಪುಕ್ಕಟೆ ಹಂಚ್ತೀಯೇನು? ನಾಳಿ ಅಂಗಡಿಗೆ ಯಾರ್ ಬರ್ತಾರ?’

‘ಪುಸ್ತಕ ಕೊಡ್ತೀನ್ರಿ. ಕೈ ಕೊಡಾಕ ಬರ್ತೈತೇನು?’

‘ಹಂಗಾರ ಹೆಸರರ ಅಂಗಡಿದು ಹಾಕು. ನಯಾಜ್ ಟೇಲರ್ಸ್.’

‘ಇಲ್ರಿ. ನಂದು.’

ಎರಡು ದಿನದಿಂದ ಮಾತಿಲ್ಲ. ಚಹಾ ಮಾತ್ರ ಎರಡು ಹೊತ್ತೂ ಕುಡಿಯುತ್ತಿದ್ದಾರೆ.

14 ಫೆಬ್ರವರಿ, ಶನಿವಾರ

ಹಾಕಿದೆ!

‘ಲೇಖಕರ ಪರಿಚಯ’ ಎಂಬ ಜಾಗದಲ್ಲಿ ಅರ್ಧ ಗಂಟೆ ಕೂತೆ. ಕೊನೆಗೆ ಬರೆದದ್ದು: ಜರೀನಾ. ಕೊಟ್ಟೂರಿನಲ್ಲಿ ಬ್ಲೌಸ್ ಹೊಲಿಯುತ್ತೇನೆ. ಕೆಳಗೆ ಫೋನ್ ನಂಬರ್. ಅಷ್ಟೇ. ಸೈಬರ್‌ನಿಂದ ಮನೆಯವರೆಗೆ ನಡೆದದ್ದೇ ಗೊತ್ತಾಗಲಿಲ್ಲ. ಇಷ್ಟು ಖುಷಿ ನನಗೆ ಯಾವಾಗ ಆಗಿತ್ತು?

23 ಫೆಬ್ರವರಿ

ನಾಲ್ಕು ಜನ ಪುಸ್ತಕ ಇಳಿಸಿಕೊಂಡಿದ್ದಾರೆ. ಒಬ್ಬಳು ನಾನು. ಒಬ್ಬರು ಪ್ರವೀಣಕುಮಾರ್. ಇನ್ನಿಬ್ಬರು ಯಾರು…

11 ಮಾರ್ಚ್, ಬುಧವಾರ

ಹಡಗಲಿಯಿಂದ ಫೋನ್. ನಾಗಲಿಂಗಮ್ಮ ಅಂತ, ಮಹಿಳಾ ಸಂಘದಲ್ಲಿ ಹೊಲಿಗೆ ಕಲಿಸುತ್ತಾರಂತೆ.

‘ನಿಮ್ಮ ಬುಕ್ ನೋಡೇ ಕಟ್ ಮಾಡೀವ್ರಿ. ಎಲ್ಲಾ ದೊಗಳಿ ಆಗ್ಯಾವ. ಜುಬ್ಬಾ ಆಗ್ಯಾವ.’

‘ಅಳತಿ ತಗೊಳ್ಳಾಕ ಬರ್ಬೇಕ್ರಿ ಮದ್ಲು’ ಎಂದುಬಿಟ್ಟೆ. ಫೋನ್ ಇಟ್ಟೆ.

‘ಎಲ್ಲಾ ದೊಗಳಿ’ ಅಂದದ್ದು ಮಾತ್ರ ತಲೆಯಿಂದ ಹೋಗಲಿಲ್ಲ.

12 ಮಾರ್ಚ್

ಬಜಾರಿಂದ ಹೊಸ ಟೇಪು ತಂದೆ. ಕಟಿಂಗ್ ಪೇಪರ್ ಹಾಸಿ ನನ್ನ ಪುಸ್ತಕದ ಪ್ರಕಾರವೇ ಗೆರೆ ಎಳೆದೆ. ನಮ್ಮ ಅಂಗಡಿ ಕಟಿಂಗಿಗಿಂತ ಒಂದೊಂದು ಅಳತೆಯೂ ಒಂದು ಇಂಚು ಹೆಚ್ಚು. ಒಂದೂ ತಪ್ಪದೆ.

ಆಮೇಲೆ ಕೊರಳಲ್ಲಿದ್ದ ನನ್ನ ಟೇಪು ನೋಡಿದೆ. ತುದಿಯ ಹಿತ್ತಾಳೆ ಬಿದ್ದುಹೋಗಿ ನೂಲು ಎದ್ದಾಗ ಮೊದಲನೇ ಇಂಚನ್ನು ಕತ್ತರಿಸಿ ಎಸೆದಿದ್ದೆವು. ಎಷ್ಟು ವರ್ಷವಾಯಿತೋ. ಅಂದಿನಿಂದ ಒಂದರ ಗೆರೆಯೇ ನಮಗೆ ಶುರು. ಮೈ ಅಳೆಯುವುದೂ ಅದರಲ್ಲೇ, ಬಟ್ಟೆ ಅಳೆಯುವುದೂ ಅದರಲ್ಲೇ. ಅಂಗಡಿಯಲ್ಲಿ ತಪ್ಪು ಕಾಣಲೇ ಇಲ್ಲ. ಪುಸ್ತಕಕ್ಕೆ ಅದೇ ಟೇಪು ಹಿಡಿದು, ಕಂಡ ಅಂಕಿ ಹಾಗೇ ಬರೆದೆ. ಬ್ಲೌಸ್ ಕತ್ತರಿಸುವುದು ಬಟ್ಟೆ ಮಡಿಸಿ. ಒಂದಿಂಚು ತಪ್ಪಿದರೆ, ಬಿಚ್ಚಿದಾಗ ನಾಲ್ಕು ಕಡೆಯೂ ಒಂದೊಂದು.

ಅತ್ತುಬಿಟ್ಟೆ. ಪಾಪ ಆ ಹೆಂಗಸಿಗೆ ಅಳತೆ ಬರಲ್ಲ ಅಂದೆನಲ್ಲ ನಾನು!

ಇವರು ಪೇಪರ್ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ‘ನಿನ್ನ ಹೆಸರು ತೆಗಸು. ಯಾರ್ ಬರ್ದದ್ದು ಅಂತ ಗೊತ್ತಾಗಂಗಿಲ್ಲ, ತಣ್ಣಗಾಗ್ತೈತಿ’ ಎಂದರು. ನನ್ನ ಮೇಲಿನ ಕನಿಕರಕ್ಕೇ ಹೇಳಿದ್ದು. ಆದರೂ ಆಗಲ್ಲ. ಚೆನ್ನಾಗಿದ್ದಾಗ ನನ್ನದು, ಕೆಟ್ಟಾಗ ಯಾರದ್ದೋ ಅಂದರೆ ಹೇಗೆ?

15 ಮಾರ್ಚ್, ಭಾನುವಾರ

ಹಡಗಲಿಗೆ ಹೋಗಿ ಬಂದೆ. ನಾಗಲಿಂಗಮ್ಮ ಬಾಗಿಲಲ್ಲೇ ನಿಲ್ಲಿಸಿ, ‘ಅಳತಿ ಕಲಿಸಾಕ ಬಂದ್ರೇನ್ರಿ?’ ಎಂದರು. ತಪ್ಪಾಯಿತು ಎಂದೆ. ಟೇಪು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿದರು. ನಗು ಬಂತು ಅವರಿಗೆ. ಒಳಗೆ ಕರೆದರು.

ಒಳಗೆ ಹನ್ನೊಂದು ಜನ! ಇಳಿಸಿಕೊಂಡದ್ದು ಒಂದೇ, ಉಳಿದದ್ದೆಲ್ಲ ಜೆರಾಕ್ಸ್. ಹನ್ನೊಂದು ಬ್ಲೌಸೂ ದೊಗಳೆ. ಪುಣ್ಯಕ್ಕೆ ಬಿಗಿಯಾಗಿರಲಿಲ್ಲ, ದೊಗಳೆಯಾದರೆ ಹಿಡಿಯಬಹುದು. ಸಂಜೆವರೆಗೆ ಪಿನ್ನು ಚುಚ್ಚಿ ಹಿಡಿದೆ. ಬೆರಳು ನೋಯುತ್ತಿದೆ.

ಬಸ್ಸಿಗೆ ಬಿಡುವಾಗ ನಾಗಲಿಂಗಮ್ಮ ಹೇಳಿದ್ದು: ‘ಅಳತಿ ತಪ್ಪಿರಬೋದ್ರಿ. ಕೊರಳ ಶೇಪು ಕತ್ತರ್ಸೋದು ನೀವು ಬರ್ದಂಗ ಯಾರೂ ಬಿಡ್ಸಿ ಹೇಳಿದ್ದಿಲ್ಲ.’

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ.

29 ಮಾರ್ಚ್

ಎರಡು ವಾರ ಒಂದೊಂದು ಅಳತೆಯೂ ಹೊಸದಾಗಿ. ಇವತ್ತು ಇವರೇ ಅಂಗಡಿ ಬಾಗಿಲು ಹಾಕಿ ಕೂತರು. ಅಳೆದು ಕೂಗುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಹೆಸರಿನ ಮಾತು ಎತ್ತಲಿಲ್ಲ.

2 ಏಪ್ರಿಲ್, ಗುರುವಾರ

ಎರಡನೇ ಆವೃತ್ತಿ. ಮೊದಲನೇ ಪುಟದಲ್ಲೇ, ದಪ್ಪ ಅಕ್ಷರದಲ್ಲಿ:

‘ಹಿಂದಿನ ಆವೃತ್ತಿಯ ಅಳತೆಗಳು ತಪ್ಪು. ಅದನ್ನು ನೋಡಿ ಕತ್ತರಿಸಬೇಡಿ. ಕತ್ತರಿಸಿ ಬ್ಲೌಸ್ ದೊಗಳೆಯಾಗಿದ್ದರೆ ಕೊಟ್ಟೂರಿಗೆ ತನ್ನಿ, ನಾನೇ ಸರಿ ಮಾಡಿ ಕೊಡುತ್ತೇನೆ. ತಪ್ಪು ನನ್ನದು. ಜರೀನಾ.’

ಪ್ರವೀಣಕುಮಾರ್ ತಲೆ ಕೆರೆದುಕೊಂಡರು. ‘ಅಕ್ಕಾರ, ಇದನ್ನ ಕೊನಿಗೆ ಹಾಕಾನ್ರಿ. ಮೊದ್ಲಿಗೇ ತಪ್ಪು ಒಪ್ಕಂಡ್ರ ಮುಂದ ಯಾರ್ ಓದ್ತಾರ?’

‘ಓದದಿದ್ರ ಬಿಡ್ಲಿ. ಮೊದ್ಲಿಗೇ ಇರ್ಲಿ.’

ಬಟನ್ ನಾನೇ ಒತ್ತಿದೆ.

9 ಏಪ್ರಿಲ್, ಬೆಳಿಗ್ಗೆ 11.20

ಫೋನ್ ಕಿವಿಯಲ್ಲೇ ಇದೆ. ಎಡಗೈಲಿ ಹಿಡಿದು ಬರೆಯುತ್ತಿದ್ದೇನೆ. ಹರಪನಹಳ್ಳಿಯಿಂದ ಅನ್ನದಾನಮ್ಮ ಎನ್ನುವವರು. ಹಳೇ ಪ್ರಿಂಟಿನಲ್ಲಿ ತೋಳಿನ ಪುಟ ಕಳೆದುಹೋಗಿತ್ತಂತೆ. ಮತ್ತೆ ತೆಗೆಸಲು ಹೋದಾಗ ಹೊಸ ಆವೃತ್ತಿಯ ಮೊದಲನೇ ಪುಟ ಕಂಡಿದೆ.

‘ಮಗಳ ಮದುವೆ ಸೀರೆ ಪೀಸು ರೀ. ರೇಷ್ಮೆ. ಆ ಪುಟ ಒಂದು ಕಳೀದೇ ಇದ್ರೆ ನಿನ್ನೆನೇ ಕತ್ತರಿ ಹಾಕ್ತಿದ್ದೆ.’

ಯಾರಾದರೂ ಗೊತ್ತಿದ್ದವರ ಹತ್ತಿರ ಕೊಟ್ಟುಬಿಡಿ ಎಂದೆ.

‘ಬ್ಯಾಡ. ನಾನೇ ಹೊಲೀಬೇಕು ಅಂತ ಆಸೆ. ಹೊಸಾದ್ರ ಪ್ರಕಾರ ಗುರುತು ಹಾಕೀನಿ. ಕತ್ತರಿಸ್ಲೇನ್ರಿ?’

ಅಳತೆ ಒಂದೊಂದಾಗಿ ಓದಿಸಿದೆ. ಎಲ್ಲ ಸರಿ. ಮತ್ತೊಮ್ಮೆ ಓದಿಸಿದೆ.

‘ಕತ್ತರಿಸ್ರಿ’ ಎಂದೆ.

‘ಫೋನ್ ಇಡಬ್ಯಾಡ್ರಿ ಮತ್ತೆ.’

ಇಟ್ಟಿಲ್ಲ. ಕತ್ತರಿಯ ಸದ್ದು ಕೇಳಿಸುತ್ತಿದೆ. ನಿಧಾನ ಮಾಡುತ್ತಿದ್ದಾರೆ. ಎದೆಯ ಕಡೆ ಮುಗಿಯಿತು. ಈಗ ಕಂಕುಳ ತಿರುವು. ಅಲ್ಲಿ ಜೊತೆಗೆ ನಾನು ಹೇಳುತ್ತಾ ಹೋಗಬೇಕು, ಪೆನ್ನು ಇಡುತ್ತೇನೆ.