ನಿಯತ್ತಿನ ಮಾತು

ಓಬಣ್ಣ,

ನೀನು ಪಂಚಾಯ್ತಿ ಅಧ್ಯಕ್ಷನಾಗಿದ್ದಾಗ ಕುಡಿಯುವ ನೀರಿನ ಘಟಕವನ್ನು ನಿನ್ನ ಓಣಿಯಲ್ಲೇ ಹಾಕಿಸಿದೆ. ಜಾಗ ತಪ್ಪು ಎಂದಷ್ಟೇ ನಾನು ಹೇಳಬಹುದಿತ್ತು. ತುಂಬಿದ ಗ್ರಾಮಸಭೆಯಲ್ಲಿ ನಿನ್ನ ನಿಯತ್ತೇ ಸರಿಯಿಲ್ಲ ಎಂದೆ. ಸಾಯುವವರೆಗೂ ನೀನು ನನ್ನೊಡನೆ ಮಾತಾಡಲಿಲ್ಲ.

ಈಗ ನನ್ನ ಸೊಸೆ ಅಕ್ಷಿತಾ ಅಧ್ಯಕ್ಷೆ. ಎರಡನೇ ಘಟಕಕ್ಕೆ ಜಗಳೂರಿನ ಇಂಜಿನಿಯರ್ ಗುರುತು ಹಾಕಿದ್ದು ಶಾಲೆಯ ಹತ್ತಿರ. ಅದು ಬಂದು ನಿಂತಿದ್ದು ನಮ್ಮ ಮನೆಯ ಮುಂದೆ. ಇವತ್ತಿನ ಸಭೆಯಲ್ಲಿ ಜನ ಗದ್ದಲ ಎಬ್ಬಿಸಿದಾಗ ನಾನೇ ಎದ್ದು ನಿಂತೆ.

“ಜಾಗ ತಪ್ಪಾಗಿದ್ರೆ ಕೇಳ್ರಿ. ನಿಯತ್ತಿನ ಮಾತು ಬ್ಯಾಡ.”

ಹಿಂದೆ ಕೂತಿದ್ದ ನಿನ್ನ ಹೆಂಡತಿ ಉಡಚಮ್ಮ ಕೇಳಿದಳು: “ಈ ಮಾತು ಅವತ್ತೆಲ್ಲಿ ಹೋಗಿತ್ತಣ್ಣಾ?”

ಮನೆಗೆ ಬಂದೆ. ಸೊಸೆ ಹೊಸ ಘಟಕದ ನೀರು ತಂದುಕೊಟ್ಟಳು. ಇಲ್ಲೇ ಯಾಕೆ ಹಾಕಿಸಿದೆ ತಾಯಿ ಎಂದು ಕೇಳಬೇಕೆನಿಸಿತು. ಅವಳ ಮುಖ ನೋಡಿದೆ.

ಕೇಳದೆ ಕುಡಿದೆ.